ನಿಮ್ಮ ಅಡಿಕೆ ಲೆಕ್ಕ ಹೊಸ ಸರ್ವರಿಗೆ: ಗ್ರಾಹಕರಿಗೆ ಪತ್ರ

ಬದಿಯಡ್ಕ, ಕಾಸರಗೋಡು ಜಿಲ್ಲೆ

ನಮ್ಮ ಅಂಗಡಿಗೆ ಅಡಿಕೆ, ಕಾಳುಮೆಣಸು ತರುವ ಎಲ್ಲರಿಗೂ ನಮಸ್ಕಾರ.

ಬರುವ ಶನಿವಾರ, ಭಾನುವಾರ ತೂಕ, ಬಿಲ್ಲು, ಪಾವತಿ ಯಾವುದೂ ಇರುವುದಿಲ್ಲ. ಆ ಎರಡು ದಿನದಲ್ಲಿ ನಿಮ್ಮ ಲೆಕ್ಕವನ್ನೆಲ್ಲ ಎಕ್ಸೆಲ್ ಫೈಲಿನಿಂದ ಡೇಟಾಬೇಸ್ ಸರ್ವರಿಗೆ, ಅಂದರೆ ಲೆಕ್ಕವನ್ನು ಪಟ್ಟಿ ಪಟ್ಟಿಯಾಗಿ ಜೋಡಿಸಿಡುವ ಕಂಪ್ಯೂಟರಿಗೆ, ಸಾಗಿಸುತ್ತೇವೆ. ಸೋಮವಾರ ಬೆಳಿಗ್ಗೆಯಿಂದ ವ್ಯಾಪಾರ ಎಂದಿನಂತೆ.

ಯಾಕೆ ಅಂತ ಹೇಳಬೇಕು, ಲೆಕ್ಕ ನಿಮ್ಮದು. ಕಳೆದ ಮಳೆಗಾಲದಲ್ಲಿ ಫೈಲ್ ಸೇವ್ ಆಗುವ ಹೊತ್ತಿಗೇ ಕರೆಂಟು ಹೋಯಿತು. ಮತ್ತೆ ಫೈಲ್ ತೆರೆಯಲೇ ಇಲ್ಲ. ಬಿಲ್ ಪುಸ್ತಕದ ಕಾರ್ಬನ್ ಪ್ರತಿ ನೋಡಿ ನಾಲ್ಕು ದಿನ ಕೂತು ಬರೆದೆವು. ಆ ವಾರ ಹಣಕ್ಕೆ ಕಾದವರಲ್ಲಿ ಕ್ಷಮೆ ಕೇಳುತ್ತೇವೆ.

ಹೆಸರಿನ ತೊಡಕು ಇದಕ್ಕಿಂತ ದೊಡ್ಡದು. ನಮ್ಮ ಕಡೆ ಒಂದೇ ಹೆಸರಿನವರು ಎಷ್ಟು ಜನ, ಅಲ್ವಾ? ಮನೆ ಹೆಸರು ಹೇಳಿದರೇ ಯಾರೆಂದು ಗೊತ್ತಾಗುವುದು. ಅದರ ಮೇಲೆ, ಒಬ್ಬರದೇ ಹೆಸರು ಒಂದು ಬಿಲ್ಲಿನಲ್ಲಿ ಕನ್ನಡದಲ್ಲಿ, ಇನ್ನೊಂದರಲ್ಲಿ ಮಲಯಾಳದಲ್ಲಿ, ಬ್ಯಾಂಕಿನ ಕಾಗದದಲ್ಲಿ ಇಂಗ್ಲಿಷಿನಲ್ಲಿ. ಫೈಲಿನ ಲೆಕ್ಕಕ್ಕೆ ಅವರು ಮೂವರು. ಇನ್ನು ಹಾಗಿಲ್ಲ. ನಿಮಗೆ ಒಂದೇ ನಂಬರು. ಹೆಸರು, ಮನೆ, ಊರು ಒಂದು ಪಟ್ಟಿಯಲ್ಲಿ, ತೂಕ ಇನ್ನೊಂದರಲ್ಲಿ, ಪಾವತಿ ಮತ್ತೊಂದರಲ್ಲಿ. ಮೂರನ್ನೂ ಜೋಡಿಸುವುದು ಆ ನಂಬರು. ಹೆಸರಿನ ಪಟ್ಟಿಯಲ್ಲಿ ಇಲ್ಲದ ನಂಬರಿಗೆ ಬಿಲ್ ಹಾಕಲು ಹೋದರೆ ಡೇಟಾಬೇಸ್ ಒಪ್ಪುವುದೇ ಇಲ್ಲ. ಹೊಸತು, ಹಳತು, ಪಟೋರ, ಕರಿಗೋಟು, ಅಡಿಕೆಯ ಯಾವ ಬಗೆಯ ತೂಕವೂ ಬೇರೆಯವರ ಖಾತೆಗೆ ಸುಮ್ನೆ ಜಾರಿ ಹೋಗಬಾರದು ಎಂಬುದೇ ನಮ್ಮ ಆಸೆ.

ಹಾಕಿರುವ ಡೇಟಾಬೇಸ್ ಸಾಫ್ಟ್‌ವೇರಿನ ಹೆಸರು ಪೋಸ್ಟ್‌ಗ್ರೆಸ್‌ಕ್ಯೂಎಲ್. 1986ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಕೆಲಸ ಅದು. ಲೈಸೆನ್ಸಿಗೆ ದುಡ್ಡು ಕೊಡಬೇಕಾಗಿಲ್ಲ. ಅದು ಓಡುವುದು ಡೆಬಿಯನ್ ಲಿನಕ್ಸಿನ ಮೇಲೆ, ಅದು ವಿಂಡೋಸಿನ ಹಾಗೆ ಕಂಪ್ಯೂಟರ್ ನಡೆಸುವ ವ್ಯವಸ್ಥೆ. ಲಿನಕ್ಸ್ ಅಂದರೆ ಇಲ್ಲಿನ ಮಕ್ಕಳಿಗೆ ಹೊಸತಲ್ಲ, ಸರ್ಕಾರಿ ಶಾಲೆಯ ಕಂಪ್ಯೂಟರಿನಲ್ಲಿ ನೋಡಿಯೇ ಇರುತ್ತಾರೆ. ಸರ್ವರ್ ಹಾಕಲು ‘ಆಪ್ಟ್ ಇನ್‌ಸ್ಟಾಲ್ ಪೋಸ್ಟ್‌ಗ್ರೆಸ್‌ಕ್ಯೂಎಲ್’ ಎಂಬ ಒಂದೇ ಸಾಲಿನ ಆಜ್ಞೆ ಸಾಕಾಯಿತು. ಜಾಸ್ತಿ ಹೊತ್ತು ಹಿಡಿದದ್ದು ಬಾಗಿಲು ಯಾರಿಗೆ ತೆರೆಯಬೇಕು ಎಂದು ನಿರ್ಧರಿಸಲು. ಹಾಕಿದ ಕೂಡಲೇ ಅದು ತಾನಿರುವ ಕಂಪ್ಯೂಟರಿನ ಮಾತು ಮಾತ್ರ ಕೇಳುತ್ತದೆ. ನಾವು ಅಂಗಡಿಯ ಇನ್ನೆರಡು ಕಂಪ್ಯೂಟರುಗಳಿಗಷ್ಟೇ ದಾರಿ ಬಿಟ್ಟಿದ್ದೇವೆ. ಹೊರಗಿನ ಇಂಟರ್ನೆಟ್ಟಿನಿಂದ ಯಾರೂ ಒಳಗೆ ಬರುವಂತಿಲ್ಲ. ತೂಕ ಬರೆಯುವವರಿಗೆ ಹಣ ಪಾವತಿಯ ಪಟ್ಟಿ ತಿದ್ದುವ ಅಧಿಕಾರ ಇಲ್ಲ.

ಕರೆಂಟು ಇನ್ನೂ ಹೋಗುತ್ತದೆ, ಮಳೆಗಾಲ ಅಲ್ವಾ. ಆದರೆ ಈ ಸರ್ವರ್ ಪ್ರತಿ ಬದಲಾವಣೆಯನ್ನೂ ಮೊದಲು ಡಿಸ್ಕಿನಲ್ಲಿ ಬೇರೆಯೇ ಬರೆದಿಟ್ಟುಕೊಳ್ಳುತ್ತದೆ. ಮತ್ತೆ ಚಾಲೂ ಆದಾಗ ಅದನ್ನು ಓದಿ ಸರಿಮಾಡಿಕೊಳ್ಳುತ್ತದೆ. ಅರ್ಧಕ್ಕೆ ನಿಂತ ಬಿಲ್ ಖಾತೆಗೆ ಸೇರುವುದಿಲ್ಲ. ಡಿಸ್ಕೇ ಕೆಟ್ಟರೆ ಇದೂ ಸಾಲದು. ಅದಕ್ಕೇ ದಿನಾ ರಾತ್ರಿ ಒಂದು ಪ್ರತಿ ತೆಗೆದು ಬೇರೆ ಡಿಸ್ಕಿನಲ್ಲಿ ಇಡುತ್ತೇವೆ. ಆ ಪ್ರತಿಯಿಂದ ಲೆಕ್ಕವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಎಬ್ಬಿಸಿ ನೋಡಿಯೂ ಆಗಿದೆ.

ಸೋಮವಾರದ ನಂತರ ಬರುವಾಗ ಹಳೆ ಬಿಲ್ಲುಗಳನ್ನು ದಯವಿಟ್ಟು ತನ್ನಿ. ನಿಮ್ಮ ನಂಬರಿನ ಚೀಟಿ ಕೊಡುತ್ತೇವೆ. ಹೆಸರು, ಮನೆ ಹೆಸರು, ಬಾಕಿ ಹಣ ಮೂರನ್ನೂ ಪಕ್ಕದಲ್ಲೇ ಕೂತು ನೋಡಿ. ಒಂದು ಕಿಲೋ ವ್ಯತ್ಯಾಸ ಕಂಡರೂ ಹೇಳಿ, ನಿಮ್ಮ ಕಣ್ಣೆದುರೇ ಸರಿಮಾಡುತ್ತೇವೆ. ಹಳೆ ಬಿಲ್ ಪುಸ್ತಕಗಳನ್ನು ಎಸೆಯುವುದಿಲ್ಲ.

ಇಂತಿ ನಿಮ್ಮ,
ಅಂಗಡಿಯವರು