ಬೆಳಗಿನ ಬಸ್ಸಿನ ವಿಷಯ: ಪಾಲಕರಿಗೆ ಪತ್ರ

ಪಾಲಕರೇ, ನಮಸ್ಕಾರ.

ಹೋದ ವಾರದ ಸಭೆಯಲ್ಲಿ ಕೆಲವರು ಸಿಟ್ಟಿನಿಂದಲೇ ಹೇಳಿದಿರಿ: "ಅಕ್ಕೋರೇ, ಸರ್ಕಾರಿ ಬಸ್ಸು ಹೊತ್ತಿಗೆ ಬರೋದಿಲ್ಲ. ಈ ರೂಟು ಖಾಸಗಿಯವರಿಗೆ ಕೊಡ್ರಿ ಅಂತ ಅರ್ಜಿ ಹಾಕೋಣು." ನಿಮ್ಮ ಸಿಟ್ಟು ನ್ಯಾಯವಾದದ್ದೇ. ಮೊನ್ನೆ ಸೋಮವಾರ ಬಸ್ಸು ತುಂಬಿ ಬಂದು, ನಿಲ್ಲದೆ ಹೋಯಿತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನಡೆದೇ ಬಂದಳು. ಎರಡನೇ ಪೀರಿಯಡ್ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಚಪ್ಪಲಿ ಕೈಯಲ್ಲಿ, ಮೊಣಕಾಲವರೆಗೂ ಎರೆಮಣ್ಣು.

ಆದರೂ ಆ ಅರ್ಜಿಗೆ ನಾನು ಸಹಿ ಹಾಕಲಾರೆ.

ನಮ್ಮ ರೂಟಿನಲ್ಲಿ ಬೆಳಿಗ್ಗೆ ಕಾಲಿಡಲೂ ಜಾಗವಿಲ್ಲ, ಮಧ್ಯಾಹ್ನ ನಾಲ್ಕೇ ಜನ. ಬೆಳಿಗ್ಗೆ ಹತ್ತುವವರಲ್ಲೂ ಜಾಸ್ತಿ ಜನ ರಿಯಾಯಿತಿ ಪಾಸಿನ ಮಕ್ಕಳು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡೂ ಇಲ್ಲ. ಖಾಸಗಿ ಮಾಲೀಕ ಡೀಸೆಲ್ ಲೆಕ್ಕ ನೋಡಲೇಬೇಕಲ್ವಾ? ಮೊದಲು ನಿಲ್ಲುವುದು ಮಧ್ಯಾಹ್ನದ, ಸಂಜೆಯ ಟ್ರಿಪ್ಪು. ಖಾಸಗಿ ಬಸ್ಸು ಜಾಸ್ತಿ ಇರುವ ಮಂಗಳೂರು, ಉಡುಪಿ ಕಡೆ ಆ ಬಸ್ಸುಗಳಲ್ಲಿ ಶಕ್ತಿ ಟಿಕೆಟ್ ನಡೆಯುವುದಿಲ್ಲ.

ಇಂಗ್ಲೆಂಡಿನಲ್ಲಿ ಇದನ್ನು ಮಾಡಿ ನೋಡಿದ್ದಾರೆ. 1986ರಲ್ಲಿ ಲಂಡನ್ ಒಂದನ್ನು ಬಿಟ್ಟು ಉಳಿದೆಡೆ ರೂಟುಗಳನ್ನು ಕಂಪನಿಗಳಿಗೇ ಬಿಟ್ಟರು. ಗಳಿಕೆಯ ರಸ್ತೆಯಲ್ಲಿ ಒಂದರ ಹಿಂದೊಂದು ಬಸ್ಸು. ಹಳ್ಳಿಯ, ಸಂಜೆಯ, ಭಾನುವಾರದ ಟ್ರಿಪ್ಪುಗಳು ಬೇಕಾದರೆ ಅಲ್ಲಿನ ಸ್ಥಳೀಯ ಆಡಳಿತವೇ ದುಡ್ಡು ಕೊಡಬೇಕಾಯಿತು. ಅವರ ಕೈ ಬರಿದಾದಾಗ ಎಷ್ಟೋ ಬಸ್ಸು ನಿಂತವು. ಮ್ಯಾಂಚೆಸ್ಟರ್ ಸುತ್ತಲಿನವರು 2023ರಿಂದ ರೂಟು, ದರ, ವೇಳೆ ಎಲ್ಲವನ್ನೂ ಮತ್ತೆ ತಮ್ಮ ಕೈಗೆ ತೆಗೆದುಕೊಂಡರು. ಬಸ್ಸು ಓಡಿಸುವುದು ಈಗಲೂ ಕಂಪನಿಗಳೇ. ಎಲ್ಲಿ, ಯಾವಾಗ ಓಡಬೇಕು ಎಂದು ಹೇಳುವವರು ಮಾತ್ರ ಜನರ ಆಡಳಿತದವರು.

ನನಗೆ ಚಿಂತೆ ಸಂಜೆ ಬಸ್ಸಿನದು. ಹೋದ ವರ್ಷ ಅದು ಕೆಲವು ದಿನ ನಿಂತಾಗ ಹತ್ತನೇ ತರಗತಿಯ ಹುಡುಗರು ವಿಶೇಷ ತರಗತಿಗೆ ಉಳಿದರು, ಟಂಟಂ ಹಿಡಿದು ಹೋದರು. ಹುಡುಗಿಯರು ನಾಲ್ಕೂವರೆಗೇ ಚೀಲ ಹೆಗಲಿಗೇರಿಸಿಕೊಂಡರು. ಕಲಿಸುತ್ತಿದ್ದ ಗಣಿತ ಅರ್ಧಕ್ಕೇ ಉಳಿಯಿತು. ಆ ಖಾಲಿ ಬೆಂಚುಗಳನ್ನು ನಾನು ಮರೆತಿಲ್ಲ.

ಹಾಗಾಗಿ ಬೇರೆ ಅರ್ಜಿ ಬರೆದಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಇನ್ನೊಂದು ಬಸ್ಸು, ಸಂಜೆ ಆರರ ಬಸ್ಸು ತಪ್ಪದೆ. ಬಸ್ಸು ಕೈಕೊಟ್ಟ ದಿನ, ಹೊತ್ತು ಮಕ್ಕಳ ಡೈರಿಯಲ್ಲಿ ಬರೆದು ಕಳಿಸಿ. ಸುಮ್ನೆ ಬಾಯಿಮಾತಿಗೆ ಯಾರೂ ಕಿವಿಗೊಡುವುದಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ಸಹಿ ಹಾಕಿ. ಸೋಮವಾರ ಡಿಪೋಗೆ ನಾನೂ ನಿಮ್ಮ ಜೊತೆ ಬರುತ್ತೇನೆ.

ಇಂತಿ,
ಮುಖ್ಯೋಪಾಧ್ಯಾಯಿನಿ
ಸರ್ಕಾರಿ ಪ್ರೌಢಶಾಲೆ, ಗದಗ ಜಿಲ್ಲೆ