ಆ ಸಾರಂಗ ಯಾರೆಂದು ಮಕ್ಕಳಿಗೆ ಹೇಳಿ

ಮಾನ್ಯ ಸಂಪಾದಕರೇ,

ಬೇಸಿಗೆ ಶಿಬಿರಗಳು ಶುರುವಾಗುವ ಹೊತ್ತು. ಮೈಸೂರಿನ ಬಡಾವಣೆಗಳಲ್ಲಿ ಪ್ರೊಜೆಕ್ಟರ್ ಇಟ್ಟು ಮಕ್ಕಳಿಗೆ ಹ್ಯಾರಿ ಪಾಟರ್ ಚಿತ್ರ ತೋರಿಸುವವರಿಗೆ ಒಂದು ಮಾತು. ಎಂಟು ಚಿತ್ರಗಳಲ್ಲಿ ಮೂರನೆಯದು, 2004ರಲ್ಲಿ ಅಲ್ಫೊನ್ಸೊ ಕ್ವಾರೊನ್ ನಿರ್ದೇಶಿಸಿದ ‘ಪ್ರಿಸನರ್ ಆಫ್ ಅಜ್ಕಬಾನ್’, ಶಿಬಿರಕ್ಕೆ ಹೇಳಿ ಮಾಡಿಸಿದಂಥದ್ದು. ಆದರೆ ಅದರಲ್ಲಿ ಒಂದು ಕೊಂಡಿ ಕಳಚಿದೆ. ತೋರಿಸುವವರೇ ಅದನ್ನು ಹಾಕಿಕೊಡಬೇಕು.

ಶಾಲೆಯ ಕಳ್ಳದಾರಿಗಳನ್ನೆಲ್ಲ ತೋರಿಸುವ ನಕಾಶೆ ಹ್ಯಾರಿಯ ಕೈಗೆ ಸಿಗುತ್ತದಲ್ಲ, ಅದರ ಮೇಲೆ ಮೂನಿ, ವರ್ಮ್‌ಟೇಲ್, ಪ್ಯಾಡ್‌ಫುಟ್, ಪ್ರಾಂಗ್ಸ್ ಎಂಬ ನಾಲ್ಕು ಹೆಸರಿವೆ. ಇವರು ಯಾರೆಂದು ಚಿತ್ರ ಕಡೆಯವರೆಗೂ ಬಾಯಿ ಬಿಡುವುದಿಲ್ಲ. ಕಾದಂಬರಿಯಲ್ಲಿ ಬಿಡಿಸಿ ಹೇಳಿದೆ: ಮೂನಿ ಎಂದರೆ ಹುಣ್ಣಿಮೆಗೆ ತೋಳವಾಗುವ ಲೂಪಿನ್ ಮೇಷ್ಟ್ರು, ವರ್ಮ್‌ಟೇಲ್ ಇಲಿಯಾಗುವ ಪೆಟಿಗ್ರೂ, ಪ್ಯಾಡ್‌ಫುಟ್ ಕರಿನಾಯಿಯಾಗುವ ಸಿರಿಯಸ್, ಅಜ್ಕಬಾನ್ ಸೆರೆಮನೆಯಿಂದ ತಪ್ಪಿಸಿಕೊಂಡು ಬಂದವನು. ಪ್ರಾಂಗ್ಸ್ ಎಂದರೆ ಕವಲುಗೊಂಬಿನ ಸಾರಂಗವಾಗುತ್ತಿದ್ದ ಜೇಮ್ಸ್, ಹ್ಯಾರಿಯ ಅಪ್ಪ. ಇದು ಗೊತ್ತಿಲ್ಲದ ಮಗುವಿಗೆ ಕೆರೆಯ ದಡದಲ್ಲಿ ಬೆಳ್ಳಗೆ ಹೊಳೆಯುವ ಸಾರಂಗ ಬರೀ ಗ್ರಾಫಿಕ್ಸ್. ಮಾಯದ ಜಿಂಕೆ ಎಂದರೆ ನಮ್ಮ ಮಕ್ಕಳಿಗೆ ಮಾರೀಚನೇ ನೆನಪಾಗುವುದು ಬೇರೆ!

ಲೂಪಿನ್‌ನನ್ನು ಉಳಿದ ಮೂವರ ಸಾಲಿಗೆ ಸೇರಿಸಬೇಡಿ. ಅವರು ಕಾಮರೂಪಿಗಳು, ಚಾಮುಂಡಿಯ ಕಥೆಯ ಮಹಿಷನ ಹಾಗೆ ಬೇಕೆಂದಾಗ ರೂಪ ಬದಲಿಸುವವರು. ಲೂಪಿನ್‌ಗೆ ಅದು ಅಂಟಿಕೊಂಡ ರೋಗ. ಬೊಗಾರ್ಟ್ ಎಂದರೆ ಎದುರಿಗಿದ್ದವರು ಹೆಚ್ಚು ಹೆದರುವ ರೂಪವನ್ನೇ ತಾಳುವ ಜೀವಿ. ಅದರ ಪಾಠದಲ್ಲಿ ಲೂಪಿನ್ ಎದುರು ಮೋಡದ ನಡುವಿನ ಚಂದ್ರ ಕಾಣಿಸಿ, ಬಲೂನಾಗಿ ಪುಸ್ಸೆಂದು ಹಾರಿಹೋಗುತ್ತದೆ. ಅಲ್ಲಿ ಚಿತ್ರ ನಿಲ್ಲಿಸಿ, ಮೇಷ್ಟ್ರಿಗೆ ಚಂದ್ರನೆಂದರೆ ಯಾಕೆ ಭಯ ಎಂದು ಕೇಳಿ. ಉತ್ತರ ಹೇಳಬೇಡಿ.

ಅದೇ ಪಾಠದಲ್ಲಿ ಮಕ್ಕಳು ಭಯದ ರೂಪವನ್ನು ನಗೆಪಾಟಲು ಮಾಡುವ ‘ರಿಡಿಕ್ಯುಲಸ್’ ಎಂಬ ಮಂತ್ರ ಮಾತ್ರ ಹಿಡಿದುಕೊಳ್ಳುತ್ತಾರೆ. ಬರೀ ಮಂತ್ರದಿಂದ ಏನೂ ಆಗದು. ನೆವಿಲ್ ಎಂಬ ಹುಡುಗ ಮೊದಲು ತನ್ನ ಅಜ್ಜಿಯ ಉಡುಪನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಆಮೇಲೆಯೇ ಅವನು ಹೆದರುವ ಸ್ನೇಪ್ ಮೇಷ್ಟ್ರು ಹಸಿರು ಉಡುಪು ತೊಟ್ಟು, ತಲೆಗೆ ರಣಹದ್ದಿನ ಟೊಪ್ಪಿಗೆ ಏರಿಸಿ, ಕೆಂಪು ಕೈಚೀಲ ಹಿಡಿದು ನಿಲ್ಲುವುದು.

ಅಜ್ಕಬಾನ್ ಸೆರೆಮನೆ ಕಾಯುವ ಡಿಮೆಂಟರ್‌ಗಳನ್ನು ದೆವ್ವ ಎನ್ನಬೇಡಿ. ದೆವ್ವವಾದರೆ ತಾಯತ ಸಾಕಲ್ಲ ಎಂದು ಮಕ್ಕಳು ಸುಮ್ಮನಾಗಿಬಿಡುತ್ತಾರೆ. ಅವು ಹೀರುವುದು ಸಂತೋಷವನ್ನು. ತಾನು ಅನುಭವಿಸಿದ ಖಿನ್ನತೆಯಿಂದಲೇ ಅವು ಹುಟ್ಟಿದವೆಂದು ಲೇಖಕಿ ಜೆ.ಕೆ. ರೌಲಿಂಗ್ ಹೇಳಿದ್ದಾರೆ. ಓಡಿಸಲು ಗಟ್ಟಿಯಾದ ಒಂದು ಖುಷಿಯ ನೆನಪು ಬೇಕು. ಆ ನೆನಪಿನ ಬಲದಿಂದ ಮಂತ್ರ ಹಾಕಿದಾಗ ಹ್ಯಾರಿಗೆ ಕಾವಲಾಗಿ ಮೂಡುವುದೇ ಆ ಬೆಳ್ಳಗಿನ ಸಾರಂಗ. ಮೊದಲ ಸಲ ಪೊರಕೆ ಏರಿದ ನೆನಪು ಸಾಲದು ಎನ್ನುತ್ತಾನೆ ಲೂಪಿನ್. ಕೊನೆಗೆ ಫಲಿಸುವುದು ಅಪ್ಪ ಅಮ್ಮ ತನ್ನೊಡನೆ ಮಾತಾಡುತ್ತಿರುವ ನೆನಪು. ಅದು ನಿಜವೋ ಅಲ್ಲವೋ ಹ್ಯಾರಿಗೇ ಗೊತ್ತಿಲ್ಲ. ಇಡೀ ಸರಣಿಯಲ್ಲಿ ಇಷ್ಟು ಸೂಕ್ಷ್ಮವಾದ ಮಾತು ಕಡಿಮೆ.

ಚಿತ್ರದ ಅವಧಿ 142 ನಿಮಿಷ. ವಿರಾಮ ಕೊಡುವುದಿದ್ದರೆ ಹ್ಯಾರಿ ಮತ್ತು ಅವನ ಗೆಳೆಯರಾದ ರಾನ್, ಹರ್ಮೈನಿ ಮೂವರೂ ಶಾಲೆಯ ಹ್ಯಾಗ್ರಿಡ್‌ನ ಗುಡಿಸಲಿಗೆ ಇಳಿಯುವ ಮುಂಚೆಯೇ ಕೊಟ್ಟುಬಿಡಿ. ಗುಡಿಸಲಲ್ಲಿ ಜಾಡಿ ಒಡೆಯುವ ಕಲ್ಲು, ಕಾಡಲ್ಲಿ ತೋಳವನ್ನು ಬೇರೆ ಕಡೆಗೆ ಸೆಳೆಯುವ ಊಳು, ಇವನ್ನು ಮಾಡಿದವರು ಯಾರೆಂದು ತಿಳಿಯುವುದು ಹರ್ಮೈನಿ ಕಾಲಚಕ್ರವನ್ನು ಮೂರು ಸುತ್ತು ತಿರುಗಿಸಿ ಮೂರು ಗಂಟೆ ಹಿಂದಕ್ಕೆ ಹೋದ ಮೇಲೆ. ನಡುವೆ ಬಿಸ್ಕತ್ತು ಹಂಚಿದರೆ ಆ ಕಲ್ಲು ಮರೆತೇ ಹೋಗುತ್ತದೆ. ಹೊತ್ತಾಯಿತೆಂದು ಕೊನೆಯ ಭಾಗ ಮೊಟಕು ಮಾಡುವುದಂತೂ ಬೇಡ. ಅಪ್ಪ ಬಂದೇ ಬರುತ್ತಾನೆಂದು ಹ್ಯಾರಿ ಕೆರೆಯ ಆಚೆ ದಡದಲ್ಲಿ ಕಾದು ನಿಂತು, ಯಾರೂ ಬಾರದಾಗ ತಾನೇ ಮಂತ್ರದ ಕೋಲೆತ್ತುವುದು ಅಲ್ಲಿ.

– ಚಿತ್ರಾಸಕ್ತ ಓದುಗ, ಸರಸ್ವತಿಪುರಂ, ಮೈಸೂರು