ರೈಲಿನಲ್ಲಿ ಎದುರಿಗೆ ಕೂತಿದ್ದ ಅಮ್ಮನಿಗೆ

ಅಮ್ಮಾ, ನಿಮ್ಮ ಹೆಸರು ನಾನು ಕೇಳಲೇ ಇಲ್ಲ. ರಾತ್ರಿ ರೈಲಿನಲ್ಲಿ ಅಳುತ್ತಾ ಕೂತಿದ್ದ ನನಗೆ ನೀರು ಕೊಟ್ಟು, ಬೆಳಗಿನವರೆಗೂ ಜೊತೆಗೆ ಎಚ್ಚರವಾಗಿದ್ದವರು ನೀವು.

ನನ್ನ ತಮ್ಮ ಲಾರಿ ಅಪಘಾತದಲ್ಲಿ ಹೋಗಿ ಆಗ ಒಂದು ತಿಂಗಳಾಗಿತ್ತು. ಬೈಕಿನ ಕೀ ಕೊಟ್ಟವಳು ನಾನು. "ಎಲ್ಲಾ ಹಣೆಬರಹ" ಅಂತ ಬಂದವರೆಲ್ಲ ಸಮಾಧಾನ ಹೇಳುತ್ತಿದ್ದರು. ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಬರೆದದ್ದೇ ಆಗುವುದಾದರೆ ಅವನ ಆಸೆಗಳೆಲ್ಲ ಸುಮ್ನೆನಾ? ಬರೆದಿರಲಿಲ್ಲ ಅಂದರೆ ತಪ್ಪು ಪೂರ್ತಿ ನನ್ನದೇ, ಅಲ್ವಾ?

ನೀವು ಯಾವ ಕಡೆಗೂ ವಾದ ಮಾಡಲಿಲ್ಲ. ಸುಮಾರು 2,200 ವರ್ಷಗಳ ಹಿಂದೆ ಗ್ರೀಸಿನಲ್ಲಿದ್ದ ಕ್ರಿಸಿಪ್ಪಸ್ ಎಂಬ ಚಿಂತಕ ಕೊಟ್ಟ ಉರುಳೆಯ ಉದಾಹರಣೆ ಹೇಳಿದಿರಿ. ಇಳಿಜಾರಿನಲ್ಲಿ ಉರುಳೆಯನ್ನು ಯಾರೋ ತಳ್ಳುತ್ತಾರೆ. ತಳ್ಳಿದ್ದು ಹೊರಗಿನವರು. ಆದರೆ ಅದು ಉರುಳುವುದು ತನ್ನ ಆಕಾರದಿಂದ. ವಿಧಿ ತಳ್ಳಿದರೂ ನಮ್ಮ ನಡೆ ನಮ್ಮದೇ ಅಂತ ಅವನ ವಾದ.

ಆಮೇಲೆ ಕೇಳಿದಿರಿ: "ಕೀ ಕೊಡುವಾಗ ನಿನಗೆ ಏನು ಗೊತ್ತಿತ್ತಮ್ಮಾ?"

ಅವನಿಗೆ ಕೆಲಸಕ್ಕೆ ತಡವಾಗುತ್ತಿದೆ ಅನ್ನುವುದಷ್ಟೇ ಗೊತ್ತಿತ್ತು.

"ಹಾಗಾದರೆ ನೀನು ಕೊಟ್ಟಿದ್ದು ಪ್ರೀತಿ. ಅದು ನಿನ್ನದು. ಆ ಲಾರಿ ನಿನ್ನದಲ್ಲ."

ನಾನು ಆಗ ಅತ್ತ ಹಾಗೆ ಮತ್ತೆಂದೂ ಅತ್ತಿಲ್ಲ.

ಉರುಳೆ ತನ್ನ ಆಕಾರವನ್ನು ತಾನೇ ಆರಿಸಿಕೊಂಡಿತಾ ಅನ್ನುವ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ. ಉತ್ತರ ಸಿಕ್ಕಿಲ್ಲ. ಆದರೆ ನಿದ್ದೆ ಬರುತ್ತದೆ. ಕಳೆದ ವಾರ ತಮ್ಮನ ಗೆಳೆಯ ಗಾಡಿ ಕೇಳಿದ. ಕೈ ನಡುಗಿತು, ಆದರೂ ಕೀ ಕೊಟ್ಟೆ. ಇದನ್ನು ನಿಮಗೆ ಹೇಳಬೇಕು ಅನ್ನಿಸಿತು. ತುಂಬಾ ಥ್ಯಾಂಕ್ಸ್ ಅಮ್ಮಾ.